ಒಂದೇ ಮಾತಿಗೆ ಹತ್ತುವ ದೀಪಗಳು

ರಬಕವಿಯ ಒಂದು ನೇಕಾರರ ಮನೆಯನ್ನು ಊಹಿಸಿಕೊಳ್ಳಿ. ರಸ್ತೆಗೆ ಮುಖಮಾಡಿದ ಪಡಸಾಲೆ, ಪಕ್ಕದಲ್ಲಿ ತಗಡಿನ ಚಾವಣಿಯಡಿ ನಾಲ್ಕು ವಿದ್ಯುತ್ ಮಗ್ಗ, ಒಳಗೆ ಅಡುಗೆಮನೆ, ಮಾಳಿಗೆಯ ಮೇಲೆ ಹತ್ತನೆಯ ತರಗತಿಯ ಹುಡುಗನ ಓದುವ ಕೋಣೆ. ಪುಣೆಯಲ್ಲಿ ನೌಕರಿ ಮಾಡುವ ಹಿರಿಯ ಮಗ ದೀಪಾವಳಿಗೆ ಬರುವಾಗ ಎಂಟು ‘ಸ್ಮಾರ್ಟ್’ ಎಲ್‌ಇಡಿ ಬಲ್ಬುಗಳನ್ನೂ ಅವುಗಳ ಜೊತೆ ಬರುವ ಒಂದು ಚಿಕ್ಕ ಡಬ್ಬಿಯನ್ನೂ ತಂದಿದ್ದಾನೆ. ಮೊಬೈಲಿನ ಮೇಲೆ ಬೆರಳಾಡಿಸಿದರೆ ಸಾಕು, ಇಡೀ ಮನೆ ಬೆಳಗುತ್ತದೆ, ಮಂದವಾಗುತ್ತದೆ. ಹಬ್ಬದ ಮೂರು ದಿನವೂ ಓಣಿಯ ಮಕ್ಕಳೆಲ್ಲ ಅಲ್ಲೇ.

ಹಬ್ಬ ಮುಗಿಸಿ ಮಗ ಹಿಂದಿರುಗಿದ ಮರುದಿನ ನಸುಕಿನಲ್ಲಿ ಅಜ್ಜಿ ಎದ್ದು ಗೋಡೆಯ ಬಟನ್ ಒತ್ತುತ್ತಾಳೆ.

“ತಮ್ಮಾ, ಬಟನ್ ಒತ್ತಿದ್ರೂ ಲೈಟ್ ಹತ್ತವಲ್ದಲ್ಲೋ!”

“ಆಯೀ, ಅದನ್ನ ಮುಟ್ಟಬ್ಯಾಡ. ಅಣ್ಣ ಮೊಬೈಲ್‌ನಾಗ ಹಚ್ಚತಿದ್ದ.”

ಆ ಮೊಬೈಲು ಅಣ್ಣನ ಜೇಬಿನಲ್ಲಿ ಪುಣೆ ಸೇರಿದೆ! ಇಲ್ಲಿ ತಪ್ಪು ಅಜ್ಜಿಯದಲ್ಲ, ಬಲ್ಬಿನದೂ ಅಲ್ಲ. ರಾತ್ರಿ ದೀಪವನ್ನು ಮೊಬೈಲಿನಿಂದ ಆರಿಸಿದ್ದರು. ಗೋಡೆಯ ಬಟನ್ ಚಾಲೂ ಇತ್ತು. ಅಜ್ಜಿ ಒತ್ತಿದಾಗ ಅದು ಬಂದ್ ಆಯಿತು. ಇನ್ನೊಮ್ಮೆ ಒತ್ತಿದ್ದರೆ ಬಹುಶಃ ಹತ್ತುತ್ತಿತ್ತು. ಅಷ್ಟು ಹೇಳಿಕೊಡುವುದನ್ನೇ ಎಲ್ಲರೂ ಮರೆತಿದ್ದರು.

ಹಲವು ದೀಪಗಳನ್ನು ಒಟ್ಟಿಗೆ ಹಚ್ಚುವುದು ನಮ್ಮ ನಾಡಿಗೆ ಹೊಸದೇನಲ್ಲ. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿಗಳಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ದೀಪಗಳು ಬೆಳಗಿದವು. ಮೈಸೂರು ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳು ಭಾನುವಾರದ ಸಂಜೆ ಒಮ್ಮೆಲೇ ಹೊತ್ತಿಕೊಳ್ಳುವುದನ್ನು ಪ್ರವಾಸ ಹೋದ ಮಕ್ಕಳು ಕಂಡಿರಬಹುದು. ಅಲ್ಲೆಲ್ಲ ಗುಂಪು ಮಾಡುವುದು ತಂತಿ. ಒಂದು ತಂತಿಗೆ ಸೇರಿದ ದೀಪಗಳು ಒಂದು ಗುಂಪು. ಗುಂಪು ಬದಲಿಸಬೇಕೆಂದರೆ ಗೋಡೆ ಒಡೆದು ತಂತಿ ಎಳೆಯಬೇಕು. ಹೊಸ ಬಲ್ಬುಗಳಲ್ಲಿ ಗುಂಪು ಇರುವುದು ತಂತಿಯಲ್ಲಲ್ಲ, ಬಲ್ಬಿನ ನೆನಪಿನಲ್ಲಿ.

ಶಾಲೆಯ ಮೈದಾನವನ್ನು ನೆನೆಯಿರಿ. ಮುಖ್ಯೋಪಾಧ್ಯಾಯರು ಧ್ವನಿವರ್ಧಕದಲ್ಲಿ “ಎಂಟನೆಯ ಬ ವರ್ಗ, ಎದ್ದು ನಿಲ್ಲಿ” ಎನ್ನುತ್ತಾರೆ. ಮಾತು ಎಲ್ಲರಿಗೂ ಕೇಳಿಸುತ್ತದೆ, ಏಳುವವರು ಬ ವರ್ಗದವರು ಮಾತ್ರ. ಅದೇ ವರ್ಗದ ಹುಡುಗಿ ಕಬಡ್ಡಿ ತಂಡದಲ್ಲೂ ಇದ್ದರೆ, ತಂಡವನ್ನು ಕರೆದಾಗಲೂ ಎದ್ದೇಳುತ್ತಾಳೆ. ಬಲ್ಬೂ ಹೀಗೆಯೇ. ಡಬ್ಬಿ “ಮೂರನೆಯ ಗುಂಪು, ಮಂದವಾಗಿ” ಎಂದು ಒಂದೇ ಸಂದೇಶ ಬಿಡುತ್ತದೆ. ಮೂರು ಎಂಬ ಸಂಖ್ಯೆ ಯಾವ ಬಲ್ಬುಗಳ ನೆನಪಿನಲ್ಲಿದೆಯೋ ಅವು ಪಾಲಿಸುತ್ತವೆ, ಉಳಿದವು ಸುಮ್ಮನಿರುತ್ತವೆ. ಒಂದು ಬಲ್ಬು ಎರಡು ಮೂರು ಗುಂಪುಗಳಲ್ಲಿ ಇರಬಹುದು.

ಈ ಸಂದೇಶ ಸಾಗುವುದು ರೇಡಿಯೋ ಅಲೆಗಳಲ್ಲಿ. ಜಗದೀಶಚಂದ್ರ ಬೋಸರು 1895ರ ಸುಮಾರಿಗೆ ಕಲ್ಕತ್ತೆಯಲ್ಲಿ ತಂತಿಯಿಲ್ಲದೆ ದೂರದಿಂದಲೇ ಗಂಟೆ ಬಾರಿಸಿ ತೋರಿಸಿದರಲ್ಲ, ಅದೇ ಜಾತಿಯ ಅಲೆ. ಇಂತಹ ಬಲ್ಬುಗಳಲ್ಲಿ ಹಲವು ‘ಜಿಗ್‌ಬೀ’ ಎಂಬ ಪದ್ಧತಿಯಲ್ಲಿ ಮಾತಾಡುತ್ತವೆ. ಜೇನುಹುಳುಗಳು ಕುಣಿದು ಒಂದಕ್ಕೊಂದು ಹೂವಿನ ದಾರಿ ಹೇಳುವುದರಿಂದ ಬಂದ ಹೆಸರು. ಅಲೆಯ ಕಂಪನಾಂಕ 2.4 ಗಿಗಾಹರ್ಟ್ಸ್, ಉದ್ದ ಸುಮಾರು 12.5 ಸೆಂಟಿಮೀಟರ್. ವೈಫೈ ಕೂಡ ಸಾಮಾನ್ಯವಾಗಿ ಇದೇ ಪಟ್ಟಿಯಲ್ಲಿ ಓಡಾಡುವುದರಿಂದ ಡಬ್ಬಿಯನ್ನು ವೈಫೈ ಪೆಟ್ಟಿಗೆಯ ಮಗ್ಗುಲಲ್ಲೇ ಇಡಬಾರದು, ಒಂದೆರಡು ಮೀಟರ್ ದೂರವಿರಲಿ. ಶಕ್ತಿ ತೀರ ಕಡಿಮೆಯಾದ್ದರಿಂದ ಈ ಅಲೆ ದಪ್ಪ ಗೋಡೆಗೆ ಸೋಲುತ್ತದೆ, ಕಬ್ಬಿಣದ ತಗಡಿಗಂತೂ ಬಡಿದು ಹಿಂದಿರುಗುತ್ತದೆ. ಆದರೂ ಮಾಳಿಗೆಯ ಬಲ್ಬಿಗೆ ಸುದ್ದಿ ಮುಟ್ಟುತ್ತದೆ, ಏಕೆಂದರೆ ಪ್ರತಿ ಬಲ್ಬೂ ತನಗೆ ಬಂದ ಮಾತನ್ನು ಮುಂದಿನದಕ್ಕೆ ದಾಟಿಸುತ್ತದೆ. ಹಾಸು ಹೊಕ್ಕು ಬಲ್ಲ ಊರಿಗೆ ಇದನ್ನು ವಿವರಿಸಬೇಕಿಲ್ಲ. ಒಂದು ಎಳೆ ಹರಿದರೆ ಬಟ್ಟೆ ಬಿಚ್ಚಿಹೋಗದು. ಆದರೆ ಗೋಡೆಯ ಬಟನ್ ಬಂದ್ ಮಾಡಿದ ಪ್ರತಿ ಬಲ್ಬೂ ಹರಿದ ಎಳೆಯೇ. ಮೆಟ್ಟಿಲ ಬಲ್ಬನ್ನು ಬಂದ್ ಮಾಡಿದರೆ ಮಾಳಿಗೆಯ ಬಲ್ಬು ಕಿವುಡಾಗಬಹುದು.

ಜೋಡಿಸುವಾಗ ಅವಸರ ಬೇಡ. ಎಂಟೂ ಬಲ್ಬುಗಳನ್ನು ಒಮ್ಮೆಲೇ ಹಚ್ಚಿದರೆ ಯಾವುದು ಯಾವುದೆಂದು ತಿಳಿಯದು. ಪ್ರತಿ ಬಲ್ಬಿನ ಬುಡಕ್ಕೆ ಸಂಖ್ಯೆಯ ಚೀಟಿ ಅಂಟಿಸಿ, ಒಂದೊಂದನ್ನೇ ಡಬ್ಬಿಯ ಹತ್ತಿರದ ಹೋಲ್ಡರಿನಲ್ಲಿ ಸೇರಿಸಿ, ಹೆಸರಿಟ್ಟು, ಆಮೇಲೆ ಅದರ ಜಾಗಕ್ಕೆ ಒಯ್ಯಬೇಕು. ಕೆಲವು ಕಂಪನಿಗಳ ಬಲ್ಬುಗಳು ಐದಾರು ಸಲ ಬೇಗಬೇಗ ಆರಿಸಿ ಹಚ್ಚಿದರೆ ಎಲ್ಲವನ್ನೂ ಮರೆತು ಹೊಸದರಂತಾಗುತ್ತವೆ. ಮಕ್ಕಳು ಬಟನ್ ಜೊತೆ ಆಡುವ ಮನೆಯಲ್ಲಿ ಇದು ನೆನಪಿರಲಿ! ಇನ್ನು ಕರೆಂಟು ಹೋಗಿ ರಾತ್ರಿ ಎರಡು ಗಂಟೆಗೆ ಬಂದರೆ ಮನೆಯ ಅಷ್ಟೂ ದೀಪಗಳು ಝಗ್ಗನೆ ಬೆಳಗುವುದುಂಟು. ಬರುವಾಗ ಮೊದಲಿದ್ದಂತೆಯೇ ಇರಲಿ ಎಂದು ಹೇಳುವ ಸೌಲಭ್ಯ ಈಗ ಹಲವು ಬಲ್ಬುಗಳಲ್ಲಿದೆ; ಅದನ್ನು ಮೊದಲ ದಿನವೇ ಹುಡುಕಿ ಹಾಕಬೇಕು.

ಗುಂಪನ್ನು ಕೋಣೆಯ ಪ್ರಕಾರ ಮಾಡುವುದು ಸುಲಭ, ಕೆಲಸದ ಪ್ರಕಾರ ಮಾಡುವುದು ಜಾಣತನ. ಹುಡುಗನ ಓದಿಗೆ ಮೇಜಿನ ದೀಪ ಮತ್ತು ಅವನ ಬೆನ್ನ ಹಿಂದಿನ ಮಂದ ದೀಪ ಒಂದು ಗುಂಪು. ನಸುಕಿಗೆ ಪಡಸಾಲೆ, ಅಡುಗೆಮನೆ ಇನ್ನೊಂದು. ಈ ಎರಡನೆಯದಕ್ಕೆ ಬ್ಯಾಟರಿಯ ನಿಸ್ತಂತು ಬಟನ್ ಒಂದನ್ನು ಅಜ್ಜಿಯ ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಿದರೆ ಮೊಬೈಲಿನ ಹಂಗೇ ಇಲ್ಲ. ಮೆಟ್ಟಿಲು, ಬಚ್ಚಲುಗಳಲ್ಲಿ ಹಳೆಯ ತಂತಿ, ಹಳೆಯ ಬಟನ್, ಸಾದಾ ಎಲ್‌ಇಡಿಯೇ ಇರಲಿ. ಖರ್ಚಿನ ಲೆಕ್ಕವೂ ಇರಲಿ. ಆರಿದ್ದಾಗಲೂ ಬಲ್ಬು ಕಿವಿಗೊಟ್ಟಿರಲು ಸುಮಾರು ಅರ್ಧ ವ್ಯಾಟ್ ಬೇಕು. ಎಂಟು ಬಲ್ಬಿಗೆ ತಿಂಗಳಿಗೆ ಹೆಚ್ಚುಕಡಿಮೆ ಮೂರು ಯೂನಿಟ್.

ಉಳಿದದ್ದು ಮಗ್ಗದ ಕೋಣೆ. ಅಲ್ಲಿಗೆ ಬಲ್ಬು ಒಯ್ಯುವ ಮುನ್ನ ಸ್ವಲ್ಪ ಗಣಿತ ಮಾಡಬೇಕು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಸಲ ದಿಕ್ಕು ಬದಲಿಸಿ ಮರಳುತ್ತದೆ. ಅಗ್ಗದ ಎಲ್‌ಇಡಿಯ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಮಂದಗೊಳಿಸುವ ಬಲ್ಬುಗಳೂ ಬಹಳಷ್ಟು ಸಲ ಅತಿವೇಗವಾಗಿ ಆರಿಸಿ ಹಚ್ಚಿಯೇ ಬೆಳಕು ತಗ್ಗಿಸುತ್ತವೆ. ಕಣ್ಣಿಗೆ ಅದು ಕಾಣದು. ಈಗ 1440 ಸುತ್ತಿನ ಒಂದು ಮೋಟಾರ್ ತೆಗೆದುಕೊಳ್ಳಿ. ಸೆಕೆಂಡಿಗೆ 24 ಸುತ್ತು. ಅದರ ಗಾಲಿಗೆ ನಾಲ್ಕು ಕಡ್ಡಿಗಳಿದ್ದರೆ ಸೆಕೆಂಡಿಗೆ 96 ಕಡ್ಡಿಗಳು ಒಂದೇ ಜಾಗವನ್ನು ಹಾಯುತ್ತವೆ. 96 ಮತ್ತು 100 ಬಹಳ ಹತ್ತಿರ. ಆ ಬೆಳಕಿನಲ್ಲಿ ಭರದಿಂದ ತಿರುಗುವ ಗಾಲಿ ನಿಧಾನವಾಗಿ ಹಿಂದಕ್ಕೆ ಹೊರಳುತ್ತಿರುವಂತೆ ಕಂಡೀತು! ಎಳೆ ಹರಿದಾಗ ಅತ್ತ ಕೈ ಚಾಚುವವರಿಗೆ ಇದು ಬೆರಳಿನ ಪ್ರಶ್ನೆ.

ಪರೀಕ್ಷೆಗೆ ಮಗ್ಗದ ಹತ್ತಿರ ಹೋಗುವುದೇ ಬೇಡ. ರಾತ್ರಿ ಬೇರೆ ದೀಪಗಳನ್ನೆಲ್ಲ ಆರಿಸಿ, ಆ ಬಲ್ಬಿನ ಕೆಳಗೆ ಒಂದು ಬಿಳಿ ಪೆನ್ಸಿಲನ್ನು ಬೀಸಣಿಗೆಯಂತೆ ಬೇಗಬೇಗ ಆಡಿಸಿ ನೋಡಿ. ಬಲ್ಬನ್ನು ಪೂರ್ಣ ಬೆಳಕಿನಲ್ಲಿ ಒಮ್ಮೆ, ಮಂದ ಮಾಡಿ ಇನ್ನೊಮ್ಮೆ. ಪೆನ್ಸಿಲು ಒಂದೇ ಮಸುಕು ಪಟ್ಟಿಯಾಗಿ ಕಂಡರೆ ಸರಿ. ಬಿಡಿಬಿಡಿಯಾದ ಹತ್ತಾರು ಪೆನ್ಸಿಲುಗಳು ಕಂಡರೆ ಆ ಬಲ್ಬನ್ನು ಪಡಸಾಲೆಯಲ್ಲೇ ಬಿಡಿ.