ಆಟ ಯಾರ ಸೊತ್ತು?

(ಓರ್ವ ವಿದ್ಯಾರ್ಥಿ, ದ್ವಿತೀಯ ಬಿ. ಎ.)

ವಿಡಿಯೋ ಗೇಮಿನ ವಿಷಯವಾಗಿ ಕಾಲೇಜಿನ ವಾರ್ಷಿಕ ಸಂಚಿಕೆಗೆ ಲೇಖನ ಬರೆಯುವೆನೆಂದಾಗ ಗೆಳೆಯರು ನಕ್ಕರು. ಅಧ್ಯಾಪಕರೊಬ್ಬರು, "ಆಡುವುದು ಸಾಲದೆಂದು ಅದರ ಮೇಲೆ ಬರೆಯುವುದೂ ಉಂಟೋ?" ಎಂದು ಕೇಳಿದರು. ಅವರ ಮಾತಿನಲ್ಲಿ ತಪ್ಪಿಲ್ಲ. ಪರೀಕ್ಷೆಯ ಮುನ್ನಾದಿನವೂ ಆಟದ ಪೆಟ್ಟಿಗೆಯ ಮುಂದೆ ಕುಳಿತವರಲ್ಲಿ ನಾನೂ ಒಬ್ಬ. ಆದರೆ ನಾನಿಲ್ಲಿ ಎತ್ತಿಕೊಂಡಿರುವುದು ಆಟವು ಒಳ್ಳೆಯದೋ ಕೆಟ್ಟದ್ದೋ ಎಂಬ ಹಳೆಯ ಪ್ರಶ್ನೆಯನ್ನಲ್ಲ. ಹಣ ಕೊಟ್ಟು ಕೊಂಡ ಆಟವು ಯಾರ ಸೊತ್ತು? ಅದರಲ್ಲಿ ನಾವು ಶ್ರಮಪಟ್ಟು ಗಳಿಸಿದ್ದು ಯಾರದು? ಈ ಪ್ರಶ್ನೆ ಆಟವಾಡದವರಿಗೂ ಸಂಬಂಧಿಸಿದ್ದೆಂದು ನನ್ನ ನಂಬಿಕೆ.

ಮೊದಲು ನಮ್ಮ ಮನೆಯ ಆಟದಿಂದಲೇ ಆರಂಭಿಸುತ್ತೇನೆ. ಬೆಳ್ಮಣ್ಣಿನ ಸುತ್ತಮುತ್ತ ಆಟಿ ತಿಂಗಳೆಂದರೆ ಚೆನ್ನೆಮಣೆಯ ತಿಂಗಳು. ಹೊರಗೆ ಬಿಡದೆ ಸುರಿಯುವ ಮಳೆ. ಒಳಗೆ ಚಾವಡಿಯಲ್ಲಿ ಹದಿನಾಲ್ಕು ಗುಳಿಗಳ ಮಣೆ. ಗುಳಿಗೆ ನಾಲ್ಕರಂತೆ ಐವತ್ತಾರು ಕಾಯಿಗಳು. ಊಟದ ಕರೆ ಬಂದು ಆಟ ಅರ್ಧಕ್ಕೆ ನಿಂತರೆ ಅಜ್ಜಿ ಮಣೆಯನ್ನು ಕದಲಿಸದಂತೆ ಮೂಲೆಗೆ ಸರಿಸುತ್ತಿದ್ದರು. ಯಾವ ಗುಳಿಯಲ್ಲಿ ಎಷ್ಟು ಕಾಯಿ, ಗೆದ್ದವು ಯಾರ ಕೈಯಲ್ಲಿ ಎಷ್ಟು, ಸರದಿ ಯಾರದು ಎಂಬಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡರೆ ಸಾಕು. ಅದೇ ಆಟವನ್ನು ನೆರೆಮನೆಯ ಮಣೆಯ ಮೇಲೂ ಮುಂದುವರಿಸಬಹುದು. ಮಣೆ ಹಲಸಿನದೋ ಬೀಟೆಯದೋ ಎಂದು ಯಾರೂ ಕೇಳುವುದಿಲ್ಲ.

ವಿಡಿಯೋ ಗೇಮಿನಲ್ಲಿಯೂ ಆ ಚೀಟಿಯಂಥದೊಂದುಂಟು. ಆಟಗಾರನು ಎಲ್ಲಿಯವರೆಗೆ ಬಂದಿದ್ದಾನೆ, ಏನನ್ನು ಗಳಿಸಿದ್ದಾನೆ, ಏನನ್ನು ಕಟ್ಟಿದ್ದಾನೆ ಎಂಬುದರ ದಾಖಲೆ ಅದು. ಹುಡುಗರ ಮಾತಿನಲ್ಲಿ ಅದಕ್ಕೆ 'ಸೇವ್' ಎಂದು ಹೆಸರು. ಈ ಲೇಖನದಲ್ಲಿ ಅದನ್ನು 'ಉಳಿಕೆ' ಎಂದು ಕರೆಯುತ್ತೇನೆ. ಆಟವನ್ನು ತಯಾರಿಸಿದವರು ಕಂಪೆನಿಯವರು; ಉಳಿಕೆಯನ್ನು ತಯಾರಿಸಿದವನು ಆಡಿದವನು. ಈ ಭೇದವನ್ನು ಓದುಗರು ನೆನಪಿನಲ್ಲಿಡಬೇಕಾಗಿ ಕೋರುತ್ತೇನೆ.

ಇನ್ನು ನನ್ನ ಅನುಭವವನ್ನು ಹೇಳುತ್ತೇನೆ. ನಮ್ಮ ಹಳೆಯ ಮನೆಯನ್ನು ಕೆಡವಿ ಹೊಸ ಮನೆ ಕಟ್ಟಿಸಿದಾಗ ನಾನು ಹೈಸ್ಕೂಲಿನಲ್ಲಿದ್ದೆ. ಮರುವರ್ಷ ಅಣ್ಣನು ಗಲ್ಫಿನಿಂದ ರಜೆಗೆ ಬರುವಾಗ ಒಂದು ಆಟದ ಯಂತ್ರವನ್ನು ತಂದನು. ಅದರಲ್ಲಿದ್ದುದು ಇಟ್ಟಿಗೆಯ ಮೇಲೆ ಇಟ್ಟಿಗೆಯಿಟ್ಟು ಬೇಕಾದುದನ್ನು ಕಟ್ಟುವ ಆಟ. ಅಣ್ಣನೂ ನಾನೂ ಆ ಆಟದೊಳಗೆ ನಮ್ಮ ಹಳೆಯ ಮನೆಯನ್ನೇ ಕಟ್ಟತೊಡಗಿದೆವು. ಅಂಗಳ, ತುಳಸಿಕಟ್ಟೆ, ಬಾವಿ, ಹಟ್ಟಿ ಎಲ್ಲವೂ ಆದವು. ಅಜ್ಜಿ ಹಿಂದೆ ಕುಳಿತು ನೋಡುತ್ತಿದ್ದರು. ಒಂದು ದಿನ, "ಮಗಾ, ಚಾವಡಿಯ ಬಾಗಿಲು ಅಷ್ಟು ಎತ್ತರ ಇರಲಿಲ್ಲ; ಅಜ್ಜ ದಿನಾ ತಲೆ ತಗ್ಗಿಸಿಯೇ ಒಳಗೆ ಬರುತ್ತಿದ್ದರು" ಎಂದರು. ನಾವು ಬಾಗಿಲನ್ನು ತಗ್ಗಿಸಿದೆವು. ಅನಂತರ ಅಜ್ಜಿ ತಾವಾಗಿಯೇ ಹೇಳತೊಡಗಿದರು: ಭತ್ತದ ಕಣಜ ಎಲ್ಲಿತ್ತು, ಹೆರಿಗೆಯ ಕೋಣೆ ಯಾವುದು, ಬಾವಿಕಟ್ಟೆಯ ಯಾವ ಮಗ್ಗುಲು ಕುಸಿದಿತ್ತು ಎಂದು. ಮನೆಯ ಒಂದು ಫೋಟೋ ಕೂಡ ನಮ್ಮಲ್ಲಿರಲಿಲ್ಲ. ಅಣ್ಣ ಹೋದ ಮೇಲೆ ಉಳಿದ ಕೆಲಸವನ್ನು ನಾನೂ ಅಜ್ಜಿಯೂ ಮುಗಿಸಿದೆವು.

ಅಜ್ಜಿ ಕಾಲವಾದ ವರ್ಷವೇ ದೀಪಾವಳಿಯ ಹೊತ್ತಿನ ಗುಡುಗುಮಳೆಯಲ್ಲಿ ಸಿಡಿಲು ಬಡಿದು ಯಂತ್ರವು ಸುಟ್ಟುಹೋಯಿತು. ಮುಂಬಯಿಯ ಮಾವನ ಮಗನಲ್ಲಿ ಅದೇ ಆಟವಿತ್ತು; ಆದರೆ ಯಂತ್ರ ಬೇರೆ ಕಂಪೆನಿಯದು. ರಜೆಯಲ್ಲಿ ಅವನು ಅದನ್ನು ತಂದಾಗ ಆಸೆಯಿಂದ ತೆರೆದು ನೋಡಿದೆ. ಆಟವಿತ್ತು, ಮನೆಯಿರಲಿಲ್ಲ. ಸುಡುವ ಮೊದಲು ಉಳಿಕೆಯ ಒಂದು ಪ್ರತಿಯನ್ನು ಪೆನ್ ಡ್ರೈವಿಗೆ ತೆಗೆದಿಡಲು ನಾನು ಯತ್ನಿಸಿದ್ದುಂಟು. ಯಂತ್ರವು ಅದಕ್ಕೆ ಒಪ್ಪಿರಲಿಲ್ಲ. ತಿಂಗಳ ಚಂದಾ ಕಟ್ಟಿದ್ದರೆ ಕಂಪೆನಿಯ ಉಗ್ರಾಣದಲ್ಲಿ ಪ್ರತಿಯಿರುತ್ತಿತ್ತಂತೆ. ಒಮ್ಮೆ ಹಣ ಕೊಟ್ಟ ವಸ್ತುವಿಗೆ ತಿಂಗಳು ತಿಂಗಳು ಮತ್ತೇಕೆ ಕೊಡಬೇಕೆಂದು ತಂದೆಯವರು ಕೇಳಿದ್ದರು, ನನ್ನಲ್ಲಿ ಉತ್ತರವಿರಲಿಲ್ಲ.

ಹಿಂದಿನ ಸ್ಥಿತಿ ಹೀಗಿರಲಿಲ್ಲ. ಎಂಬತ್ತರ ದಶಕದ ಎಷ್ಟೋ ಆಟಗಳಲ್ಲಿ ಅಕ್ಷರಗಳ ಒಂದು ಸಂಕೇತವನ್ನು ಕಾಗದದಲ್ಲಿ ಬರೆದುಕೊಂಡರೆ ಗೆಳೆಯನ ಮನೆಯಲ್ಲಿಯೂ ಆಟವನ್ನು ಅಲ್ಲಿಂದಲೇ ಮುಂದುವರಿಸಬಹುದಿತ್ತು. ೧೯೯೪ರಲ್ಲಿ ಬಂದ ಪ್ಲೇಸ್ಟೇಷನ್ನಿಗೆ ೧೨೮ ಕಿಲೋಬೈಟಿನ ಮೆಮೊರಿ ಕಾರ್ಡಿತ್ತು. ಅದನ್ನು ಕಿಸೆಯಲ್ಲಿಟ್ಟುಕೊಂಡು ಹೋಗಿ ಇನ್ನೊಬ್ಬರ ಯಂತ್ರಕ್ಕೆ ಸಿಕ್ಕಿಸಬಹುದಾಗಿತ್ತು. ಇಂದು ಯಂತ್ರದ ಶಕ್ತಿ ಸಾವಿರಪಾಲು ಬೆಳೆದಿದೆ. ಆಡುವವನ ಸ್ವಾತಂತ್ರ್ಯ ಮಾತ್ರ ಕುಗ್ಗಿದೆ. ಪ್ಲೇಸ್ಟೇಷನ್ ೫ರ ಆಟಗಳ ಉಳಿಕೆಯನ್ನು ಪೆನ್ ಡ್ರೈವಿಗೆ ಪ್ರತಿ ಮಾಡಲು ಬರುವುದಿಲ್ಲ. ಕ್ಲೌಡಿನಲ್ಲಿಡಬೇಕಾದರೆ ಚಂದಾ ಬೇಕು. ನಿಂಟೆಂಡೊ ಸ್ವಿಚ್ಚಿನ ಕ್ಲೌಡಿಗೂ ಚಂದಾ ಬೇಕು. ಎಕ್ಸ್‌ಬಾಕ್ಸಿನವರು ಇದನ್ನು ಉಚಿತವಾಗಿ ಕೊಡುತ್ತಾರೆ. ಒಬ್ಬರಿಗೆ ಸಾಧ್ಯವಾದುದು ಇನ್ನೊಬ್ಬರಿಗೆ ಏಕೆ ಅಸಾಧ್ಯ?

ಯಂತ್ರಗಳ ರಚನೆಯೇ ಬೇರೆ ಬೇರೆಯಾಗಿರುವಾಗ ಒಂದರ ಉಳಿಕೆ ಇನ್ನೊಂದಕ್ಕೆ ಹೇಗೆ ಒಗ್ಗೀತು ಎಂದು ಕೆಲವರು ಕೇಳುತ್ತಾರೆ. ನಮ್ಮ ಯಕ್ಷಗಾನವನ್ನು ನೋಡಬೇಕು. ಒಂದೇ ಪ್ರಸಂಗವನ್ನು ತೆಂಕುತಿಟ್ಟಿನವರೂ ಆಡುತ್ತಾರೆ, ಬಡಗುತಿಟ್ಟಿನವರೂ ಆಡುತ್ತಾರೆ. ವೇಷ ಬೇರೆ, ಚೆಂಡೆ ಬೇರೆ, ಕುಣಿತ ಬೇರೆ. ಪ್ರಸಂಗ ಪುಸ್ತಕ ಮಾತ್ರ ಒಂದೇ. ಹಾಗೆಯೇ ಪ್ರತಿ ಯಂತ್ರಕ್ಕೆ ಆಟವನ್ನು ಬೇರೆಯಾಗಿ ಸಿದ್ಧಪಡಿಸಿದರೂ ಉಳಿಕೆಯ ಬರಹವನ್ನು ಎಲ್ಲರೂ ಓದುವಂತೆ ಇಡುವುದು ಅಸಾಧ್ಯವಲ್ಲ. ೨೦೨೦ರಲ್ಲಿ 'ದಿ ವಿಚರ್ ೩' ಎಂಬ ಆಟದ ಉಳಿಕೆಯನ್ನು ಕಂಪ್ಯೂಟರಿನಿಂದ ಸ್ವಿಚ್ಚಿಗೂ ಅಲ್ಲಿಂದ ಹಿಂದಕ್ಕೂ ಒಯ್ಯುವಂತೆ ಮಾಡಿದರು. 'ಫೋರ್ಟ್‌ನೈಟ್' ಆಡುವವರು ಬೇರೆ ಕಂಪೆನಿಯ ಯಂತ್ರದವರೊಡನೆ ಕೂಡಿ ಆಡುವುದಕ್ಕೆ ಸೋನಿ ಕಂಪೆನಿ ಬಹುಕಾಲ ಒಪ್ಪಿರಲಿಲ್ಲ. ೨೦೧೮ರ ಸೆಪ್ಟೆಂಬರಿನಲ್ಲಿ ಒಪ್ಪಿತು. ಯಂತ್ರವು ಆ ತಿಂಗಳಲ್ಲಿ ಬದಲಾಗಲಿಲ್ಲ, ಬದಲಾದದ್ದು ಮನಸ್ಸು. ಆದ್ದರಿಂದ ಅಡ್ಡಿಯು ಬಹುಮಟ್ಟಿಗೆ ವಿಜ್ಞಾನದ್ದಲ್ಲ, ವ್ಯಾಪಾರದ್ದು.

ಆಟವನ್ನು ಪರಸ್ಪರ ಕೊಟ್ಟು ತೆಗೆದುಕೊಳ್ಳುವ ವಿಷಯವೂ ಹೀಗೆಯೇ. ೨೦೧೩ರಲ್ಲಿ ಮೈಕ್ರೋಸಾಫ್ಟ್ ಕಂಪೆನಿಯು ತನ್ನ ಹೊಸ ಯಂತ್ರವು ಇಪ್ಪತ್ತನಾಲ್ಕು ಗಂಟೆಗೊಮ್ಮೆ ಇಂಟರ್‌ನೆಟ್ಟಿನ ಮೂಲಕ ತಪಾಸಣೆಗೆ ಒಳಗಾಗಬೇಕೆಂದೂ ಡಿಸ್ಕನ್ನು ಇತರರಿಗೆ ಕೊಡಲು ಕಟ್ಟುಪಾಡುಗಳಿವೆಯೆಂದೂ ಸಾರಿತು. ಆಟಗಾರರು ಪ್ರಬಲವಾಗಿ ವಿರೋಧಿಸಿದರು. ಆ ಜೂನ್ ತಿಂಗಳಲ್ಲಿಯೇ ಕಂಪೆನಿಯು ಮಾತನ್ನು ಹಿಂತೆಗೆದುಕೊಂಡಿತು. ಅದೇ ಸಮಯದಲ್ಲಿ ಸೋನಿಯವರು ಆಟವನ್ನು ಹಂಚಿಕೊಳ್ಳುವುದು ಹೇಗೆಂದು ಒಂದು ಕಿರುಚಿತ್ರ ತೋರಿಸಿದರು: ಒಬ್ಬನು ಇನ್ನೊಬ್ಬನ ಕೈಗೆ ಡಿಸ್ಕನ್ನು ಕೊಡುತ್ತಾನೆ, ಅಷ್ಟೆ. ಆ ಸೋನಿಯವರೇ ೨೦೨೦ರಲ್ಲಿ ಡಿಸ್ಕೇ ಹಿಡಿಸದ ಯಂತ್ರವನ್ನೂ ಮಾರುಕಟ್ಟೆಗೆ ತಂದರು! ಈಗ ದೂರದಿಂದ ಇಳಿಸಿಕೊಂಡ ಆಟಗಳಿಗೂ ಎರವಲಿನ ದಾರಿ ಅಲ್ಪಸ್ವಲ್ಪ ತೆರೆಯುತ್ತಿದೆ. ೨೦೨೪ರಿಂದ ಸ್ಟೀಮ್‌ನಲ್ಲಿ ಒಂದೇ ಮನೆಯ ಆರು ಮಂದಿಯವರೆಗೆ ಆಟಗಳನ್ನು ಹಂಚಿಕೊಳ್ಳಬಹುದು. ೨೦೨೫ರಿಂದ ನಿಂಟೆಂಡೊ ತನ್ನ ಆಟವನ್ನು ಕುಟುಂಬದವರಿಗೆ ಎರಡು ವಾರ ಎರವಲು ಕೊಡಲು ಬಿಟ್ಟಿದೆ. ಗ್ರಂಥಾಲಯದಲ್ಲಿ ನಾವು ಪುಸ್ತಕ ತರುವ ರೀತಿಯೇ ಇದು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಎರವಲು ಬೇರೆ, ಕಳವು ಬೇರೆ. ಒಂದು ಪ್ರತಿಯನ್ನು ಒಬ್ಬರಾದ ಮೇಲೆ ಒಬ್ಬರು ಆಡುವುದು ಎರವಲು. ಒಂದನ್ನು ಕೊಂಡು ನೂರು ಪ್ರತಿ ಮಾಡಿ ಹಂಚುವುದು ಕಳವು. ಆಟವನ್ನು ರಚಿಸಿದವರೂ ದುಡಿದು ಉಣ್ಣುವವರೇ. ಅವರ ಅನ್ನವನ್ನು ಕಸಿಯುವ ಪಕ್ಷ ನನ್ನದಲ್ಲ. ಪೈಪೋಟಿಯ ಆಟಗಳಲ್ಲಿ ಉಳಿಕೆಯನ್ನು ತಿದ್ದಿ ಮೋಸಮಾಡುವವರಿದ್ದಾರೆಂಬ ಕಂಪೆನಿಗಳ ಆಕ್ಷೇಪವೂ ನ್ಯಾಯವಾದದ್ದೇ. ಆದರೆ ಮನೆಯೊಳಗೆ ಒಬ್ಬರೇ ಆಡುವ ಆಟಕ್ಕೂ ಅದೇ ಬೀಗವೇಕೆ? ನಮ್ಮ ದೇಶದ ೧೯೫೭ರ ಕೃತಿಸ್ವಾಮ್ಯ ಅಧಿನಿಯಮದ ೫೨ನೆಯ ಕಲಮು, ಕಂಪ್ಯೂಟರ್ ಪ್ರೋಗ್ರಾಮನ್ನು ನ್ಯಾಯವಾಗಿ ಪಡೆದವನು ಅದು ಹಾಳಾದೀತೆಂಬ ಭಯದಿಂದ ರಕ್ಷಣೆಗಾಗಿ ಪ್ರತಿ ಮಾಡಿಟ್ಟುಕೊಳ್ಳುವುದನ್ನು ಅಪರಾಧವೆಂದೆಣಿಸುವುದಿಲ್ಲ. ಹೀಗಿರುವಾಗ ಆಡಿದವನೇ ಗಳಿಸಿದ ಉಳಿಕೆಗೆ ಅಷ್ಟೂ ಅವಕಾಶವಿಲ್ಲವೆಂದರೆ, ದೇವರು ಕೊಟ್ಟರೂ ಪೂಜಾರಿ ಕೊಡನೆಂಬ ಗಾದೆಯೇ ನೆನಪಾಗುತ್ತದೆ.

ನನ್ನ ಅಭಿಪ್ರಾಯ ಇಷ್ಟು: ಉಳಿಕೆಯ ಪ್ರತಿಯನ್ನು ಹಣವಿಲ್ಲದೆ ತೆಗೆದಿಟ್ಟುಕೊಳ್ಳುವ ಹಕ್ಕು ಪ್ರತಿಯೊಬ್ಬ ಆಟಗಾರನಿಗೂ ಇರಬೇಕು. ಅದೇ ಆಟವು ಬೇರೆ ಯಂತ್ರದಲ್ಲಿಯೂ ದೊರೆಯುವುದಾದರೆ ಅಲ್ಲಿಗೆ ಅದನ್ನು ಒಯ್ಯಲು ದಾರಿಯಿರಬೇಕು. ಕೊಂಡ ಆಟವನ್ನು ಪುಸ್ತಕದಂತೆ ಎರವಲು ಕೊಡಲು ಬರಬೇಕು. ಅಲ್ಲಿಯವರೆಗೆ ಗೆಳೆಯರು ಕೊಳ್ಳುವ ಮುನ್ನ ಅಂಗಡಿಯವನನ್ನು ಕೇಳಲಿ: ಡಿಸ್ಕ್ ಇದೆಯೋ, ಉಳಿಕೆ ಎಲ್ಲಿರುತ್ತದೆ, ಯಂತ್ರ ಕೆಟ್ಟರೆ ಏನು ಗತಿ ಎಂದು. ೨೦೧೩ರಲ್ಲಿ ಕೇಳುವವರಿದ್ದುದರಿಂದಲೇ ದೊಡ್ಡ ಕಂಪೆನಿಯೊಂದು ಹಿಂದೆ ಸರಿಯಿತು. ನಾಳೆ ನಮ್ಮವರೇ ಕೆಲವರು ಮಣಿಪಾಲದಲ್ಲೋ ಬೆಂಗಳೂರಿನಲ್ಲೋ ಆಟಗಳನ್ನು ರಚಿಸುವ ಕೆಲಸಕ್ಕೆ ಸೇರಬಹುದು. ಅವರು ಈ ಮಾತನ್ನು ಮರೆಯದಿರಲಿ.

ನೆರೆಯ ನಂದಳಿಕೆಯ ಸಿರಿ ಜಾತ್ರೆಯನ್ನು ಕಂಡವರೆಲ್ಲ ಅಬ್ಬಗ-ದಾರಗರ ಕಥೆಯನ್ನು ಬಲ್ಲರು. ಚೆನ್ನೆಯಾಡುತ್ತ ಜಗಳವಾಡಿ ಅಕ್ಕತಂಗಿಯರಿಬ್ಬರೂ ಪ್ರಾಣ ಕಳೆದುಕೊಂಡರು. ಆಟವು ಒಡಹುಟ್ಟಿದವರನ್ನು ಅಗಲಿಸಬಾರದೆಂದೇ ನಮ್ಮ ಹಿರಿಯರು ಆ ಕಥೆಯನ್ನು ಹೇಳುತ್ತ ಬಂದರೆಂದು ನನಗೆ ತೋರುತ್ತದೆ.

ಅಜ್ಜಿಯ ಚೆನ್ನೆಮಣೆ ಹೊಸ ಮನೆಯ ಅಟ್ಟದಲ್ಲಿದೆ. ಆಟಿಯಲ್ಲಿ ಕೆಳಗಿಳಿಸಿ ಆಡುತ್ತೇವೆ. ಅಣ್ಣನು ಮುಂದಿನ ರಜೆಯಲ್ಲಿ ಬಂದಾಗ ಹಳೆಯ ಮನೆಯನ್ನು ಮೊದಲಿನಿಂದ ಕಟ್ಟೋಣವೆಂದಿದ್ದಾನೆ. ಚಾವಡಿಯ ಬಾಗಿಲಿನ ಎತ್ತರ ನನಗೆ ನೆನಪಿದೆ. ಕಣಜದ ಜಾಗವನ್ನು ಇನ್ನು ಯಾರನ್ನು ಕೇಳುವುದು?