ಭಿನ್ನಾಭಿಪ್ರಾಯ ಮತ್ತು ಮುನಿಸು
ತಮ್ಮ ಅಭಿಪ್ರಾಯವನ್ನೇ ತಾವೆಂದು ಭಾವಿಸಿದವರಿಗೆ, ಅದನ್ನು ಒಪ್ಪದವರ ಮೇಲೆ ಮುನಿಸು ಹುಟ್ಟುತ್ತದೆ. ಆಗ ವಾದಕ್ಕೆ ಬಿದ್ದ ಪೆಟ್ಟು ಮಾನಕ್ಕೇ ಬಿದ್ದಂತೆ ತೋರುತ್ತದೆ. ಮನಸ್ಸು ಉತ್ತರ ಹುಡುಕುವುದನ್ನು ಬಿಟ್ಟು ಹಗೆ ಸಾಧಿಸತೊಡಗುತ್ತದೆ. ಭಿನ್ನಾಭಿಪ್ರಾಯವನ್ನೂ ಮುನಿಸನ್ನೂ ಬೇರೆಯಾಗಿಡಬಹುದು ಎಂಬುದಕ್ಕೆ ಗಾಂಧೀಜಿ ಮತ್ತು ರವೀಂದ್ರನಾಥ ಠಾಕೂರರ ಸ್ನೇಹ ಸಾಕ್ಷಿ. 1921ರಲ್ಲಿ ಅಸಹಕಾರ ಚಳವಳಿಯನ್ನೂ ಚರಕದ ಮೇಲಿನ ನಂಬಿಕೆಯನ್ನೂ ಠಾಕೂರರು ಪ್ರಶ್ನಿಸಿದಾಗ, ಗಾಂಧೀಜಿ ತಮ್ಮ ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಅವರನ್ನು ಮಹಾ ಕಾವಲುಗಾರರೆಂದು ಗೌರವಿಸಿಯೇ ಉತ್ತರ ಕೊಟ್ಟರು. 1934ರ ಬಿಹಾರ ಭೂಕಂಪ ಅಸ್ಪೃಶ್ಯತೆಯ ಪಾಪಕ್ಕೆ ಬಂದ ಶಿಕ್ಷೆ ಎಂದು ಗಾಂಧೀಜಿ ಹೇಳಿದಾಗ, ಆ ಮಾತು ಅವೈಜ್ಞಾನಿಕವೆಂದು ಠಾಕೂರರು ಬರೆದರು. ಗಾಂಧೀಜಿ ಆ ಖಂಡನೆಯನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲೇ ಅಚ್ಚು ಹಾಕಿಸಿ ಉತ್ತರಿಸಿದರು. ಇಬ್ಬರೂ ನಿಲುವು ಬಿಡಲಿಲ್ಲ, ಸ್ನೇಹವೂ ಕೆಡಲಿಲ್ಲ: 1936ರಲ್ಲಿ ಹಣದ ಅಡಚಣೆಯಲ್ಲಿದ್ದ ಠಾಕೂರರ ವಿದ್ಯಾಸಂಸ್ಥೆ ವಿಶ್ವಭಾರತಿಗೆ 60,000 ರೂಪಾಯಿ ಒದಗಿಸಿಕೊಟ್ಟವರು ಗಾಂಧೀಜಿಯೇ.