ಹಟ್ಟಿಯ ಲಾಭವನ್ನು ಗ್ರಾಮಿನ ಲೆಕ್ಕದಲ್ಲಿ ನೋಡೋಣ

ಚಿನ್ನದ ಬೆಲೆ ಏರಿದಾಗಲೆಲ್ಲ ಹಟ್ಟಿ ಚಿನ್ನದ ಗಣಿ ಕಂಪನಿಯ ಲಾಭ ಸುದ್ದಿಯಾಗುತ್ತದೆ. ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನಲ್ಲಿರುವ ಈ ರಾಜ್ಯ ಸರ್ಕಾರಿ ಕಂಪನಿ ವರ್ಷಕ್ಕೆ ತೆಗೆಯುವುದು ಸುಮಾರು ಒಂದೂವರೆ ಟನ್ ಚಿನ್ನ. ವರ್ಷಕ್ಕೆ ನೂರಾರು ಟನ್ ಆಮದು ಮಾಡಿಕೊಳ್ಳುವ ದೇಶದಲ್ಲಿ ಇದು ಲೆಕ್ಕಕ್ಕೇ ಬಾರದಷ್ಟು. ಹಾಗಾಗಿ ಬೆಲೆಯ ಮೇಲೆ ಹಟ್ಟಿಗೆ ಎಳ್ಳಷ್ಟೂ ಹಿಡಿತವಿಲ್ಲ. ಜಗತ್ತಿನ ಮಾರುಕಟ್ಟೆ ಕೊಟ್ಟಷ್ಟನ್ನು ಪಡೆಯಬೇಕು. 2001ರಲ್ಲಿ ಔನ್ಸಿಗೆ 300 ಡಾಲರನ್ನೂ ಮುಟ್ಟದಿದ್ದ ಚಿನ್ನ 2025ರ ಅಕ್ಟೋಬರಿನಲ್ಲಿ 4,000 ಡಾಲರ್ ದಾಟಿತು. ಇಂಥ ಕಾಲದಲ್ಲಿ ಗಣಿಗೆ ಲಾಭ ಬಾರದಿದ್ದರೆ ಆಶ್ಚರ್ಯಪಡಬೇಕು, ಬಂದದ್ದಕ್ಕಲ್ಲ. ಕಂಪನಿಯ ಕೈಯಲ್ಲಿರುವುದು ಖರ್ಚು ಮಾತ್ರ. ಒಂದು ಗ್ರಾಂ ಚಿನ್ನ ಹೊರಬರಲು ಎಷ್ಟು ತಗಲುತ್ತದೆ, ನಾಳೆಯ ಅದಿರಿಗಾಗಿ ಇಂದು ಎಷ್ಟು ಹಾಕುತ್ತಿದ್ದಾರೆ ಎಂಬುದನ್ನು ಕೇಳದೆ ಲಾಭವನ್ನು ಹೊಗಳುವುದು ವ್ಯರ್ಥ.

ಗಣಿಯಲ್ಲಿ ಖರ್ಚು ಬೀಳುವುದು ಟನ್ನಿನ ಲೆಕ್ಕದಲ್ಲಿ, ಆದಾಯ ಬರುವುದು ಗ್ರಾಮಿನ ಲೆಕ್ಕದಲ್ಲಿ. ಬಂಡೆಗೆ ತೂತು ಕೊರೆದು ಸಿಡಿಸಬೇಕು, ಶಾಫ್ಟಿನ ಮೂಲಕ ಮೇಲೆತ್ತಬೇಕು, ಒಡೆದು, ಮಿಲ್ಲಿನಲ್ಲಿ ಹಿಟ್ಟಿನಂತೆ ಅರೆದು, ಸಯನೈಡ್ ದ್ರಾವಣದಲ್ಲಿ ಚಿನ್ನವನ್ನು ಕರಗಿಸಿ, ಇದ್ದಿಲಿಗೆ ಹಿಡಿಸಿ, ಮತ್ತೆ ಬಿಡಿಸಿಕೊಳ್ಳಬೇಕು. ಒಂದು ಟನ್ ಕಲ್ಲಿನಲ್ಲಿ ನಾಲ್ಕು ಗ್ರಾಂ ಇದ್ದರೂ ಎರಡೇ ಗ್ರಾಂ ಇದ್ದರೂ ಈ ಕೆಲಸ ಒಂದಿಷ್ಟೂ ಕಡಿಮೆಯಾಗದು. ಉದಾಹರಣೆಗೆ, ಟನ್ನಿಗೆ 10,000 ರೂಪಾಯಿ ತಗಲುತ್ತದೆ ಎಂದುಕೊಳ್ಳಿ. ನಾಲ್ಕು ಗ್ರಾಂ ಕೈಗೆ ಬಂದರೆ ಗ್ರಾಮಿನ ಖರ್ಚು 2,500 ರೂಪಾಯಿ, ಎರಡು ಗ್ರಾಂ ಬಂದರೆ 5,000. ಕಾರ್ಮಿಕ ಅಷ್ಟೇ ಬೆವರು ಸುರಿಸಿರುತ್ತಾನೆ. ಆಳಕ್ಕೆ ಇಳಿದಂತೆಲ್ಲ ಗಾಳಿ ತಳ್ಳಲು, ನೀರೆತ್ತಲು, ಅದಿರು ಮೇಲೆ ತರಲು ವಿದ್ಯುತ್ ಬಿಲ್ಲು ಬೇರೆ ಏರುತ್ತದೆ. ದೊಡ್ಡ ಕಂಪನಿಗಳಿಗೆ ಒಂದು ಗಣಿ ಸೊರಗಿದರೆ ಇನ್ನೊಂದು ದೇಶದ ಗಣಿ ಕೈಹಿಡಿಯುತ್ತದೆ. ಹಟ್ಟಿಗೆ ಆ ಅನುಕೂಲವಿಲ್ಲ.

ಈ ಲೆಕ್ಕ ಕೈಕೊಟ್ಟರೆ ಏನಾಗುತ್ತದೆಂದು ಕೋಲಾರದ ಚಿನ್ನದ ಗಣಿ, ಕೆಜಿಎಫ್, ಹೇಳುತ್ತದೆ. ಆರಂಭದ ದಿನಗಳಲ್ಲಿ ಟನ್ನಿಗೆ 40 ಗ್ರಾಂಗೂ ಹೆಚ್ಚು ಕೊಟ್ಟ ಕೆಜಿಎಫ್ ಅದಿರು ಕೊನೆಗೆ ಕೆಲವೇ ಗ್ರಾಂಗಿಳಿದಿತ್ತು. ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಗಿತ್ತು. ಕೇಂದ್ರದ ಸುಪರ್ದಿಗೆ ಬಂದ ಮೇಲೆ ಅಲ್ಲಿನ ಚಿನ್ನಕ್ಕೆ ಮಾರುಕಟ್ಟೆಯ ದರವೂ ಸಿಗಲಿಲ್ಲ, ಅಂತರರಾಷ್ಟ್ರೀಯ ಅಧಿಕೃತ ದರವಷ್ಟೇ ಸಿಕ್ಕಿತು. ಹೊಸ ಅದಿರು ಹುಡುಕಲು ಹಣವಿರಬೇಕಾದ ಕಾಲದಲ್ಲಿ ಗಣಿಯನ್ನು ಬಡವಾಗಿಸಿ, ಆಮೇಲೆ ನಷ್ಟ ಎಂದು 2001ರ ಫೆಬ್ರುವರಿ 28ರಂದು ಬೀಗ ಹಾಕಲಾಯಿತು. ಬೆಲೆ ಅದೇ ದಶಕದಲ್ಲಿ ಜಿಗಿಯಿತು. ಅಷ್ಟರಲ್ಲಿ ಸುರಂಗಗಳಿಗೆ ನೀರು ತುಂಬಿತ್ತು.

ರಾಯಚೂರಿನಂಥ ಹಿಂದುಳಿದ ಜಿಲ್ಲೆಯಲ್ಲಿ ಕಂಪನಿ ನೌಕರಿ ಕೊಡುತ್ತಿರುವಾಗ, ಸರ್ಕಾರಕ್ಕೆ ಲಾಭಾಂಶ ಸಲ್ಲಿಸುತ್ತಿರುವಾಗ ಈ ಕೊಂಕು ಏಕೆ ಎನ್ನಬಹುದು. ನೌಕರಿ ಉಳಿಯಬೇಕೆಂಬುದಕ್ಕಾಗಿಯೇ ಈ ಮಾತು. ಗ್ರಾಮಿನ ಖರ್ಚು ಏರಿದರೆ ಅದೆಲ್ಲ ಅದಕ್ಷತೆ ಅಲ್ಲ ಎಂಬ ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಬೆಲೆ ಹೆಚ್ಚಿದ್ದಾಗ ಬಡ ಅದಿರನ್ನು ತೆಗೆದು, ಒಳ್ಳೆಯದನ್ನು ಕೆಟ್ಟ ದಿನಗಳಿಗೆ ಇಟ್ಟುಕೊಳ್ಳುವುದು ಜಾಣತನವೇ. ಆದರೆ ಅದು ಯೋಜನೆಯೋ, ಒಳ್ಳೆಯ ಅದಿರು ಮುಗಿಯುತ್ತಿರುವ ಲಕ್ಷಣವೋ ಎಂಬುದು ಅಂಕಿಗಳಿಲ್ಲದೆ ತಿಳಿಯದು. ವಿಶ್ವ ಚಿನ್ನ ಮಂಡಳಿ 2013ರಲ್ಲಿ ಒಂದು ಲೆಕ್ಕಪದ್ಧತಿ ತಂದಿತು: ಇಂದಿನ ಕೂಲಿ, ವಿದ್ಯುತ್ತಿನ ಜೊತೆಗೆ ಗಣಿಯನ್ನು ಉಳಿಸಿಕೊಳ್ಳುವ ಸುರಂಗ, ಯಂತ್ರ, ಶೋಧನೆಯ ವೆಚ್ಚವನ್ನೂ ಸೇರಿಸಿ ಔನ್ಸಿನ ಖರ್ಚು ಹೇಳುವುದು. ಜಗತ್ತಿನ ಅನೇಕ ಕಂಪನಿಗಳು ಅದನ್ನೀಗ ಪಾಲಿಸುತ್ತವೆ. ಆದರೆ ಶೋಧನೆ ನಿಲ್ಲಿಸಿದರೆ ಈ ಖರ್ಚೂ ಇಳಿದು ಕಾಣುತ್ತದೆ, ಹಾಗಾಗಿ ಹೊಸದಾಗಿ ಪತ್ತೆಯಾದ ಅದಿರಿನ ಲೆಕ್ಕವೂ ಜೊತೆಗಿರಬೇಕು.

ಹಟ್ಟಿಯೂ ಲಾಭದ ಮೊತ್ತದ ಪಕ್ಕದಲ್ಲೇ ಮೂರು ಅಂಕಿಗಳನ್ನು ಎಲ್ಲರಿಗೂ ಕಾಣುವಂತೆ ಹಾಕಲಿ: ಟನ್ನಿಗೆ ದೊರೆತ ಚಿನ್ನ, ಗ್ರಾಮಿಗೆ ತಗಲಿದ ಪೂರ್ತಿ ಖರ್ಚು, ವರ್ಷದಲ್ಲಿ ತೆಗೆದ ಅದಿರಿನ ಜಾಗಕ್ಕೆ ಹೊಸದಾಗಿ ಪತ್ತೆಯಾದ ಅದಿರು. ಸರ್ಕಾರ ಲಾಭಾಂಶಕ್ಕೆ ಕೈಚಾಚುವ ಮೊದಲು ಶೋಧನೆಗೂ ಶಾಫ್ಟಿಗೂ ಬೇಕಾದ ಹಣವನ್ನು ಕಂಪನಿಯಲ್ಲೇ ಬಿಡಲಿ.